ಕಡಲಿಗಿಂತ ಧಕ್ಕೆಯೇ ಹೆದರಿಕೆ ಆಗಿದೆ, ನಿಮ್ಮ ಬಂದರಿನಲ್ಲಿ ಎಂತ ವ್ಯವಸ್ಥೆ ಉಂಟು?

ಕಡಲತಡಿಯವ
ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಜಿಲ್ಲೆಯವ, ಬಂದರಿನ ಹೆಸರು ಇಲ್ಲಿ ಬೇಡ. ಅಜ್ಜ ರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆದವರು, ಅಪ್ಪ ಟ್ರಾಲ್‌ಬೋಟಿನಲ್ಲಿ ತಂಡೇಲ (ಬೋಟು ನಡೆಸುವವ) ಆಗಿದ್ರು, ನಾನು ಧಕ್ಕೆಯಲ್ಲೇ, ಅಂದ್ರೆ ಬೋಟು ಕಟ್ಟುವ ಕಟ್ಟೆಯಲ್ಲೇ, ಐಸು, ಡೀಸೆಲ್ ಲೆಕ್ಕ ನೋಡಿಕೊಳ್ಳುದು.

ಹೋದ ವಾರ ರಾತ್ರಿ ಸುಮಾರು 2 ಗಂಟೆಗೆ ನನ್ನ ಅಕ್ಕನ ಮಗ ನೀರಿಗೆ ಬಿದ್ದ. ಕಡಲಲ್ಲಿ ಅಲ್ಲ, ಧಕ್ಕೆಯಲ್ಲಿ. ಗೊತ್ತಿಲ್ಲದವರಿಗೆ ಹೇಳ್ತೇನೆ, ಸೀಸನ್‌ನಲ್ಲಿ ಬೋಟುಗಳು ಧಕ್ಕೆಗೆ ಒಂದರ ಪಕ್ಕ ಒಂದು ಐದಾರು ಸಾಲು ಕಟ್ಟಿರ್ತವೆ, ಕೊನೆಯ ಬೋಟಿಗೆ ಹೋಗ್ಬೇಕಾದ್ರೆ ನಡುವಿನ ಎಲ್ಲಾ ಬೋಟು ದಾಟಿಯೇ ಹೋಗ್ಬೇಕು. ಅಲೆ ಬಂದಾಗ ಎರಡು ಬೋಟು ಒಮ್ಮೆ ತಾಗ್ತವೆ, ಒಮ್ಮೆ ಎರಡು ಅಡಿ ದೂರ ಆಗ್ತವೆ. ಇವನ ಹೆಗಲಲ್ಲಿ ರೇಶನ್ ಚೀಲ, ಕಾಲಲ್ಲಿ ಹವಾಯಿ ಚಪ್ಪಲಿ, ಬೋಟಿನ ಅಂಚಲ್ಲಿ ಮೀನಿನ ಲೋಳೆ. ಒಂದು ಕಾಲು ಇಟ್ಟ, ಇನ್ನೊಂದು ಇಡುವಾಗ ಬೋಟು ಸರೀತು.

ಅವನಿಗೆ ಈಜು ಬರ್ತದೆ, ಸಣ್ಣದಿರುವಾಗಲೇ ಹೊಳೆ ದಾಟಿ ಈಜಿದವ. ಆದ್ರೆ ಈಜಿ ಎಲ್ಲಿಗೆ ಹೋಗುದು? ಎರಡು ಬದಿಯಲ್ಲೂ ಬೋಟಿನ ಹೊಟ್ಟೆ, ಹಿಡಿಯಲಿಕ್ಕೆ ಏನೂ ಇಲ್ಲ. ಬೋಟಿನ ಅಡಿಯಿಂದ ಮುಳುಗಿ ಹೋಗಿ ಧಕ್ಕೆ ಗೋಡೆ ಹತ್ತಿರ ಎದ್ದ. ಅಲ್ಲಿ ನೋಡಿದ್ರೆ ಇಳಿತದ ಹೊತ್ತು, ಗೋಡೆ ಮೇಲೆ ಆಳು ಎತ್ತರಕ್ಕೆ ಪಾಚಿ, ಮೆಟ್ಟಿಲು ಇಲ್ಲ, ಏಣಿ ಇಲ್ಲ, ಒಂದು ಸರಪಳಿ ಕೂಡ ಇಲ್ಲ. ಹದಿನೈದು ನಿಮಿಷ ಗೋಡೆ ಕೆರೆದಿದ್ದಾನೆ. ಎಂಜಿನ್ ಸದ್ದಿಗೆ ಅವನ ಕೂಗು ಯಾರಿಗೂ ಕೇಳ್ಲಿಲ್ಲ. ಮೂರನೇ ಬೋಟಿನಲ್ಲಿ ಚಾ ಮಾಡ್ತಿದ್ದ ಒಡಿಶಾದ ಹುಡುಗ ಪಾತ್ರೆ ತೊಳೆದ ನೀರು ಚೆಲ್ಲಲಿಕ್ಕೆ ಬಂದವ ನೋಡಿ ರೋಪ್ ಎಸೆದದ್ದು. ಮರುದಿನ ನೋಡಿದೆ, ಬಲಗೈಯ ಮೂರು ಉಗುರು ಬುಡದಿಂದ ಕಿತ್ತು ಹೋಗಿದೆ. ಅಕ್ಕ ಅವನ ಕೈ ಹಿಡ್ಕೊಂಡು ಕೂತದ್ದು ನೋಡ್ಲಿಕ್ಕೆ ಆಗ್ಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನಿಮ್ಮ ನಿಮ್ಮ ಬಂದರಿನಲ್ಲಿ ನೀರಿಗೆ ಬಿದ್ದವ ಮೇಲೆ ಬರ್ಲಿಕ್ಕೆ ಎಂತ ಉಂಟು? ಏಣಿ, ಟಯರ್, ಲೈಟು, ಏನಾದ್ರೂ? ಮುಂದಿನ ಸಭೆಯಲ್ಲಿ ಕೇಳ್ಬೇಕು, ಬರೀ ಬಾಯಲ್ಲಿ ಕೇಳಿದ್ರೆ ಆಗ್ಲಿಕ್ಕಿಲ್ಲ.

ರಂಪಣಿಮನೆ
ಹುಡುಗ ಉಳಿದನಲ್ಲ, ದೇವರು ದೊಡ್ಡವ. ಆ ಒಡಿಶಾದ ಹುಡುಗನಿಗೆ ಏನಾದ್ರೂ ಕೊಟ್ರಾ?

ಕಡಲತಡಿಯವ
ಅಕ್ಕ ಮನೆಗೆ ಕರೆದು ಊಟ ಹಾಕಿ ಅಂಗಿ ಬಟ್ಟೆ ಕೊಟ್ಳು. ದುಡ್ಡು ಕೊಡ್ಲಿಕ್ಕೆ ಹೋದ್ರೆ ತಗೊಳ್ಳಿಲ್ಲ.

ಬೈಂದೂರ್ ಮಾಣಿ
ಹ್ವಾಯ್, ಇದ್ ನಿಮ್ಮಲ್ಲಿ ಮಾತ್ರ ಅಲ್ಲ ಮಾರಾಯ್ರೆ, ನಮ್ಮ ಬದಿಯೂ ಇದೇ ಕಥಿ. ನಾ ಕಂಡ ಹಾಂಗೆ ಕಡಲಿಗೆ ಹೋಯಿ ಸತ್ತವ್ರಕ್ಕಿಂತ ಧಕ್ಕೆಯಂಗೆ ಬಿದ್ದ್ ಸತ್ತವ್ರೇ ಜಾಸ್ತಿ ಇಪ್ಪುಕೂ ಸಾಕ್. ಕಡಲಂಗೆ ಆರೆ ಪೇಪರ್ರಂಗೆ ದೊಡ್ಡಕ್ಕೆ ಬತ್ತ್, ಧಕ್ಕೆಯಂಗೆ ಆರೆ ನಾಲ್ಕ್ ಸಾಲ್, ‘ಆಕಸ್ಮಿಕವಾಗಿ ಕಾಲು ಜಾರಿ’ ಅಂದೇಳಿ.

ಬೋಟ್ ಮಾಲಕ
ಒಂದು ಮಾತು ಹೇಳ್ತೇನೆ, ಬೇಸರ ಮಾಡ್ಬೇಡಿ. ನಿಮ್ಮ ಹುಡುಗನ ವಿಷಯ ಬೇರೆ ಇರಬಹುದು, ಆದ್ರೆ ಧಕ್ಕೆಯಲ್ಲಿ ಬೀಳುವವರಲ್ಲಿ ಎಷ್ಟೋ ಜನ ಕುಡಿದು ಬರುವವರು. ಹತ್ತು ದಿನ ಕಡಲಲ್ಲಿದ್ದು ಬಂದು ಪಾಲು ಕೈಗೆ ಸಿಕ್ಕಿದ ರಾತ್ರಿಯೇ ಇದೆಲ್ಲ ಆಗುದು. ಅದಕ್ಕೆ ಏಣಿ ಹಾಕಿದ್ರೆ ಏನು ಪ್ರಯೋಜನ?

ಹೊಳೆಬಾಗಿಲು
ಕುಡಿದವ ಬಿದ್ರೂ ಅವನಿಗೂ ಮೇಲೆ ಬರ್ಲಿಕ್ಕೆ ದಾರಿ ಬೇಕಲ್ಲ ಅಣ್ಣ. ರಸ್ತೆಯಲ್ಲಿ ಕುಡಿದವ ನಡೀತಾನೆ ಅಂತ ಸೇತುವೆಗೆ ತಡೆಗಂಬಿ ಹಾಕದೆ ಬಿಡ್ತಾರಾ? ನನ್ನ ಅಪ್ಪ ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ, ಬೆಳಗ್ಗೆ 4 ಗಂಟೆಗೆ ಮೀನು ಖಾಲಿ ಮಾಡುವಾಗ ಬುಟ್ಟಿ ಸಮೇತ ಬಿದ್ದು ಪಕ್ಕೆಲುಬು ಮುರಿದುಕೊಂಡ್ರು. ಆಮೇಲೆ ಭಾರ ಎತ್ತಲಿಕ್ಕೆ ಆಗದೆ ಬಲೆ ಹೊಲಿಯುವ ಕೆಲಸಕ್ಕೇ ನಿಂತ್ರು. ಬಿದ್ದವನ ಬಾಯಿ ವಾಸನೆ ನೋಡಿ ತೀರ್ಪು ಕೊಡುದು ಮೊದಲು ನಿಲ್ಲಬೇಕು.

ಬೋಟ್ ಮಾಲಕ
ನಾನು ತೀರ್ಪು ಕೊಟ್ಟದ್ದಲ್ಲ ತಂಗಿ, ಇರುವ ವಿಷಯ ಹೇಳಿದೆ. ನನ್ನ ಬೋಟಿನಲ್ಲಿ ಏಳು ಜನ ಇದ್ದಾರೆ, ಒಬ್ಬೊಬ್ಬರ ಮನೆಗೂ ನಾನೇ ಉತ್ತರ ಕೊಡ್ಬೇಕು. ನನಗೂ ರಾತ್ರಿ ಫೋನ್ ಬಂದ್ರೆ ಎದೆ ಹೊಡ್ಕೊಳ್ತದೆ.

ತಂಡೇಲ ಕುಮಟಾ
ಇಪ್ಪತ್ತೆರಡು ವರ್ಷ ಮಲ್ಪೆಯಿಂದ ಆಳಸಮುದ್ರಕ್ಕೆ ಹೋದವನು ನಾನು, ಈಗ ಮೊಣಕಾಲು ಹೋಗಿ ಮನೆಯಲ್ಲಿದ್ದೇನೆ. ಕುಡಿತ ಒಂದು ಕಾರಣ ಹೌದು, ಆದರೆ ಅದಕ್ಕಿಂತ ದೊಡ್ಡ ಕಾರಣ ನಿದ್ದೆ. ಟ್ರಾಲಿಂಗ್ ಅಂದ್ರೆ ಬಲೆ ಬಿಟ್ಟು ಮೂರು ನಾಲ್ಕು ತಾಸು ಎಳೆಯೋದು, ಎತ್ತೋದು, ಮತ್ತೆ ಬಿಡೋದು, ಆ ಮಧ್ಯದಲ್ಲಿ ಮೀನು ಬೇರೆ ಮಾಡಿ ಐಸ್ ಹಾಕಿ ಸ್ಟೋರೇಜ್‌ಗೆ ಇಳಿಸಬೇಕು, ಉಳಿದ ಹೊತ್ತಲ್ಲೇ ಊಟ ನಿದ್ದೆ ಎಲ್ಲ. ಒಂದೇ ಸಮ ಎರಡು ತಾಸು ಮಲಗಿದ ದಿನ ಹಬ್ಬ. ಹಾಗೆ ಎಂಟು ಹತ್ತು ದಿನ ಕಳೆದು ದಡಕ್ಕೆ ಬಂದವನ ಕಾಲು ನೆಲದ ಮೇಲೂ ತೂಗ್ತಾ ಇರ್ತದೆ. ಅವನು ಬೋಟಿಂದ ಬೋಟಿಗೆ ಜಿಗಿಯುವಾಗ ಕುಡಿದವನಿಗಿಂತ ಏನೂ ಕಡಿಮೆ ಇಲ್ಲ.

ಮತ್ತೆ ಬಂದರು ಅಂದ್ರೆ ಗೋಡೆ ಒಂದೇ ಅಲ್ಲ. ವಿಂಚ್, ಅಂದ್ರೆ ಬಲೆಯ ವಯರ್ ಎಳೆಯುವ ಯಂತ್ರ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಬಲೆಗೆ ಕಲ್ಲೋ ಹಳೇ ಬೋಟಿನ ಅವಶೇಷವೋ ಸಿಕ್ಕಿದ್ರೆ ವಯರ್ ರೋಪ್ ತಂತಿ ವಾದ್ಯದ ಹಾಗೆ ಬಿಗಿ ಆಗ್ತದೆ, ಒಂದು ಸಣ್ಣ ಶಬ್ದ ಬರ್ತದೆ, ಟಿನ್ ಟಿನ್ ಅಂತ ಎಳೆ ಕಡಿಯುವ ಶಬ್ದ. ಆ ಶಬ್ದ ಕೇಳಿದ ತಕ್ಷಣ ಹಳಬರು ಮಲಗಿಬಿಡ್ತಾರೆ, ಹೊಸಬರು ತಲೆ ಎತ್ತಿ ನೋಡ್ತಾರೆ. ನನ್ನ ಜೊತೆ ಇದ್ದ ಒಬ್ಬ ಹುಡುಗನ ಕಣ್ಣು ಹೋಯ್ತು. ಆ ದಿನದಿಂದ ನನ್ನ ಬೋಟಿನಲ್ಲಿ ವಯರ್ ಎಳೆಯುವಾಗ ಅದರ ನೇರಕ್ಕೆ ಯಾರೂ ನಿಲ್ಲಬಾರದು ಅಂತ ಸುಣ್ಣದಲ್ಲಿ ಗೆರೆ ಎಳೆದಿದ್ದೆ. ಸುಣ್ಣ ಎರಡು ದಿನಕ್ಕೆ ಅಳಿಸಿ ಹೋಗ್ತಿತ್ತು, ಮತ್ತೆ ಎಳೀತಿದ್ದೆ.

ಡೀಸೆಲ್ ಕೈ
ತಂಡೇಲಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಬೋಟ್ ಎಂಜಿನ್ ಮೆಕ್ಯಾನಿಕ್, ವಿಂಚಿನ ಡ್ರಮ್ಮಿಗೆ ಕವರ್ ಹಾಕಿ ಅಂತ ಹೇಳಿ ಹೇಳಿ ಸಾಕಾಯ್ತು. ಗ್ಲೌಸ್ ಹಾಕ್ಕೊಂಡು ವಿಂಚ್ ಹತ್ರ ಹೋಗೋದೂ ಡೇಂಜರ್, ಗ್ಲೌಸ್ ಬಟ್ಟೆ ಸಿಕ್ಕಿಹಾಕ್ಕೊಂಡ್ರೆ ಕೈಯನ್ನೇ ಎಳ್ಕೊಳ್ತದೆ, ಇದು ಸುಮಾರು ಜನಕ್ಕೆ ಗೊತ್ತಿಲ್ಲ.

ಬೆಂಗಳೂರು ಬಸವ
ನಾನು ಬಯಲುಸೀಮೆಯವನು, ಮೀನು ತಿನ್ನೋದು ಬಿಟ್ರೆ ಏನೂ ಗೊತ್ತಿಲ್ಲ, ಆದ್ರೂ ಓದ್ತಾ ಇದೀನಿ. ಲೈಫ್ ಜಾಕೆಟ್ ಹಾಕ್ಕೊಂಡ್ರೆ ಇದೆಲ್ಲ ಸಮಸ್ಯೆ ಇರಲ್ವಲ್ಲ? ಯಾಕೆ ಹಾಕ್ಕೊಳ್ಳಲ್ಲ?

ತಂಡೇಲ ಕುಮಟಾ
ನೀವು ಕೇಳಿದ್ದು ಸರಿ ಇದೆ. ಬೋಟಿನಲ್ಲಿ ಜಾಕೆಟ್ ಇರ್ತದೆ, ಕ್ಯಾಬಿನ್ ಮೇಲೆ ಕಟ್ಟಿಟ್ಟಿರ್ತೇವೆ. ದಪ್ಪ ಥರ್ಮೋಕೋಲಿನ ಜಾಕೆಟ್ ಹಾಕ್ಕೊಂಡು ಏಪ್ರಿಲ್ ಬಿಸಿಲಲ್ಲಿ ಬಲೆ ಎಳೆದು ನೋಡಿ, ಬಗ್ಗಲಿಕ್ಕೆ ಆಗೋದಿಲ್ಲ, ಬಲೆಗೆ ಸಿಕ್ಕಿಹಾಕ್ಕೊಳ್ತದೆ. ಸೊಂಟಕ್ಕೆ ಕಟ್ಟಿಕೊಳ್ಳುವ, ನೀರಿಗೆ ಬಿದ್ರೆ ಗಾಳಿ ತುಂಬಿಕೊಳ್ಳುವ ಜಾಕೆಟ್ ಬರ್ತದೆ, ಅದು ಕೆಲಸಕ್ಕೆ ಅಡ್ಡ ಬರೋದಿಲ್ಲ, ಆದರೆ ಬೆಲೆ ಹೆಚ್ಚು. ಸಬ್ಸಿಡಿ ಕೊಡೋದಾದ್ರೆ ಅದಕ್ಕೆ ಕೊಡಬೇಕು.

ಹೊಳೆಬಾಗಿಲು
ಮತ್ತೆ ಎಷ್ಟೋ ಹುಡುಗರಿಗೆ ಈಜೇ ಬರುದಿಲ್ಲ. ಮೊದಲು ಬೋಟಿನಲ್ಲಿ ನಮ್ಮೂರವರೇ ಇದ್ರು, ಈಗ ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶದಿಂದ ಬರ್ತಾರೆ. ಕೆಲವರು ಕಡಲು ಮೊದಲ ಸಲ ನೋಡುದೇ ಇಲ್ಲಿಗೆ ಬಂದ ಮೇಲೆ.

ಕಾರವಾರದ ಅಲೆ
ಲೈಫ್ ಜಾಕೆಟ್ ಅಂದ ಕೂಡ್ಲೇ ನೆನಪಾಗೋದು 2018ರ ಸುವರ್ಣ ತ್ರಿಭುಜ. ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಹೊರಟ ಬೋಟು, ಏಳು ಜನ, ಅದರಲ್ಲಿ ಐದು ಜನ ನಮ್ಮ ಉತ್ತರ ಕನ್ನಡದವರು. ಎರಡು ದಿನ ಕಳೆದು ಸಂಪರ್ಕ ತಪ್ಪಿತು. ಆಮೇಲೆ ನಾಲ್ಕೂವರೆ ತಿಂಗಳು ಆ ಮನೆಗಳಲ್ಲಿ ಒಂದು ಉತ್ತರ ಇಲ್ಲ. ಜನವರಿಯಲ್ಲಿ ಮೀನುಗಾರರು ಕಡಲಿಗೆ ಇಳಿಯದೆ ಹೆದ್ದಾರಿಗೆ ಇಳಿದ್ರು, ನೆನಪಿದೆಯಲ್ಲ? ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಾಲ್ವಣ್ ಹತ್ತಿರ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡ್ತು. ನಮ್ಮ ಊರಲ್ಲಿ ಆ ವರ್ಷ ಯಾರ ಬೋಟು ಒಂದು ದಿನ ತಡ ಆದ್ರೂ ಹೆಂಗಸರು ಅಡುಗೆ ಮಾಡ್ತಿರಲಿಲ್ಲ.

ರಂಪಣಿಮನೆ
ಆ ವರ್ಷ ಮರೆಯುವ ಹಾಗೆ ಇಲ್ಲ.

ಬೈಂದೂರ್ ಮಾಣಿ
2020ರ ನವೆಂಬರ್ ಕೊನೆಗೆ ಮಂಗ್ಳೂರ್ ಬದಿಯಂಗೆ ಪರ್ಸಿನ್ (ಸುತ್ತುಬಲೆ) ಬೋಟ್ ಮಗುಚಿದ್ದೂ ಹಾಂಗೆ. 25 ಜನ ಇದ್ದಿದ್ರ್, 19 ಜನ ಡಿಂಗಿ (ಸಣ್ಣ ದೋಣಿ) ಹತ್ತಿ ಬದ್ಕಿದ್ರ್, 6 ಜನ ಹ್ವಾದ್ರ್. ಮೀನ್ ಜಾಸ್ತಿ ಸಿಕ್ಕಿದ್ ದಿನ ಎಲ್ಲರೂ ಖುಷಿಯಂಗೆ ಇಪ್ಪುದ್, ಭಾರ ಕಾಂಬುಕೆ ಯಾರಿಗೂ ಮನಸ್ ಬತ್ತಿಲ್ಲೆ.

ಬೋಟ್ ಮಾಲಕ
2021ರ ಏಪ್ರಿಲ್‌ನಲ್ಲಿ ಬೇಪೂರಿನ ಬೋಟಿಗೆ ರಾತ್ರಿ ದೊಡ್ಡ ಹಡಗು ಗುದ್ದಿದ್ದೂ ನಮ್ಮ ಮಂಗಳೂರಿನ ನೇರಕ್ಕೇ ಅಲ್ವಾ, 14 ಜನರಲ್ಲಿ ಇಬ್ಬರೇ ಜೀವಂತ ಸಿಕ್ಕಿದ್ದು. ಅದಕ್ಕೇ ನಾನು ಹೇಳುದು, ರಾತ್ರಿ ಬಲೆ ಎಳೆಯುವಾಗ ಒಬ್ಬ ಎಚ್ಚರ ಇರಲೇಬೇಕು, ವಿಎಚ್‌ಎಫ್ ರೇಡಿಯೋದಲ್ಲಿ ತುರ್ತು ಕರೆಯ 16ನೇ ಚಾನೆಲ್ ಆನ್ ಇರಲೇಬೇಕು. ನಮ್ಮ ಹುಡುಗರು ಚಾನೆಲ್ ಬದಲಿಸಿ ಎಲ್ಲಿ ಬೊಂಡಾಸ್ ಸಿಕ್ತು ಎಲ್ಲಿ ಮದ್ಮಲ್ ಸಿಕ್ತು ಅಂತ ಮಾತಾಡ್ತಾ ಕೂತ್ರೆ ಹಡಗಿನವ ಕರೆದದ್ದು ಕೇಳುದು ಹೇಗೆ?

ಬೆಂಗಳೂರು ಬಸವ
ಬೊಂಡಾಸ್ ಅಂದ್ರೆ ಸ್ಕ್ವಿಡ್ ತಾನೆ? ಇಲ್ಲಿ ಹೋಟೆಲಲ್ಲಿ ಒಂದು ಪ್ಲೇಟಿಗೆ ಎಷ್ಟು ತಗೋತಾರೆ ಗೊತ್ತಾ. ಅಂಜಲ್ ಅಂತೂ ಕೇಳೋದೇ ಬೇಡ.

ರಂಪಣಿಮನೆ
ಹೌದು ಬೊಂಡಾಸ್ ಅದೇ. ಕಪ್ಪೆ ಬೊಂಡಾಸ್ ಬೇರೆ, ಅದು ದಪ್ಪ, ಎಕ್ಸ್‌ಪೋರ್ಟ್‌ಗೆ ಹೋಗ್ತದೆ. ಅಂಜಲ್ ಬೇಡ ಸ್ವಾಮಿ, ಸೆಪ್ಟೆಂಬರ್ ಅಕ್ಟೋಬರಿಗೆ ಬನ್ನಿ, ಬಂಗುಡೆ ಬೂತಾಯಿ ತಿಂದು ಹೋಗಿ. ಬೂತಾಯಿ ಪುಳಿಮುಂಚಿ ತಿಂದವ ಅಂಜಲ್ ಕೇಳುದಿಲ್ಲ.

ಹೊಳೆಬಾಗಿಲು
ವಿಷಯ ಎಲ್ಲಿಂದ ಎಲ್ಲಿಗೆ ಹೋಯ್ತು 🙂 ಮೀನಿನ ಬೆಲೆ ಬಗ್ಗೆ ಬೇರೆ ಮಾತಾಡುವ. ಇಲ್ಲಿ ಹೆಂಗಸರ ಬಗ್ಗೆ ಒಬ್ಬರೂ ಹೇಳ್ಲಿಲ್ಲ. ಸಿಗಡಿ ಸುಲಿಯುವ ಶೆಡ್ಡಿಗೆ ಒಮ್ಮೆ ಹೋಗಿ ನೋಡಿ. ನನ್ನ ಅಮ್ಮ ಹದಿನಾಲ್ಕು ವರ್ಷ ಅದೇ ಕೆಲಸ ಮಾಡಿದ್ದು. ಐಸ್ ನೀರಲ್ಲಿ ಬೆಳಗಿನಿಂದ ಕೈ, ತಲೆ ಕಿತ್ತು ಸಿಪ್ಪೆ ಎಳೆದು ಬೆನ್ನಿನ ನರ ತೆಗೆಯುದು, ಸಿಗಡಿಯ ತಲೆಯ ಮುಳ್ಳು ಚುಚ್ಚದ ದಿನ ಇಲ್ಲ. ಸಂಜೆ ಮನೆಗೆ ಬಂದಾಗ ಬೆರಳ ತುದಿ ಬೆಳ್ಳಗೆ ಸುಕ್ಕಾಗಿ ಚರ್ಮ ಪದರ ಪದರ ಎದ್ದಿರ್ತಿತ್ತು, ಸಾರಿಗೆ ಮೆಣಸು ಅರೆಯಲಿಕ್ಕೆ ಆಗದೆ ನನ್ನನ್ನು ಕರೀತಿದ್ರು. ನಾನು ಎಂಟನೇ ಕ್ಲಾಸಿನಿಂದ ಮಸಾಲೆ ಅರೆದದ್ದು ಅದಕ್ಕೇ. ರಾತ್ರಿ ತೆಂಗಿನೆಣ್ಣೆ ಹಚ್ಚಿ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಮಲಗ್ತಿದ್ರು. ನೀರಿಗೆ ಬಿದ್ದವರ ಲೆಕ್ಕ ಆದ್ರೂ ಪೊಲೀಸ್ ಸ್ಟೇಶನ್ನಲ್ಲಿ ಇರ್ತದೆ, ಇಂಥ ಕೈಗಳ ಲೆಕ್ಕ ಎಲ್ಲಿ ಉಂಟು?

ನರ್ಸಕ್ಕ
ನಾನು ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಕ್ಯಾಶುವಲ್ಟಿಯಲ್ಲಿ ಇದ್ದೇನೆ. ನಿಮ್ಮ ಅಮ್ಮನ ಕೈ ಓದಿ ಕಣ್ಣು ತುಂಬಿ ಬಂತು. ಚುಚ್ಚಿದ ಗಾಯವನ್ನು ಸಣ್ಣದು ಅಂತ ಬಿಡ್ಬೇಡಿ, ಕೀವಾಗಿ ಬೆರಳು ತೆಗೆಯುವ ಹಂತಕ್ಕೆ ಬಂದವರನ್ನು ನೋಡಿದ್ದೇನೆ, ಸಕ್ಕರೆ ಕಾಯಿಲೆ ಇದ್ರಂತೂ ಅದೇ ದಿನ ತೋರಿಸಿ.

ಇಲ್ಲಿ ಬೋಟಿನವರು ಇದ್ದೀರಲ್ಲ, ಎರಡು ವಿಷಯ ಹೇಳ್ತೇನೆ. ತೊರಕೆ (ಸ್ಟಿಂಗ್ ರೇ) ಬಾಲದ ಮುಳ್ಳು ಅಥವಾ ತೇಡೆ (ಕ್ಯಾಟ್ ಫಿಶ್) ಮುಳ್ಳು ಚುಚ್ಚಿದ್ರೆ ಐಸ್ ಇಡ್ಬೇಡಿ. ಬಿಸಿನೀರಲ್ಲಿ, ಅಂದ್ರೆ ಸುಡದ ಹಾಗೆ ತಡ್ಕೊಳ್ಳುವಷ್ಟು ಬಿಸಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈಯೋ ಕಾಲೋ ಮುಳುಗಿಸಿ ಇಡಿ. ನೋವಾದವನಿಗೆ ಬಿಸಿ ಗೊತ್ತಾಗುದಿಲ್ಲ, ಅದಕ್ಕೆ ಇನ್ನೊಬ್ಬರು ಕೈ ಹಾಕಿ ನೋಡ್ಬೇಕು. ಆ ವಿಷ ಬಿಸಿಗೆ ಸಾಯ್ತದೆ, ನೋವು ಇಳೀತದೆ. ಮುಳ್ಳು ಎದೆಗೆ ಹೊಟ್ಟೆಗೆ ಹೊಕ್ಕಿದ್ರೆ ಮಾತ್ರ ಎಳೀಬೇಡಿ, ಹಾಗೇ ಕರ್ಕೊಂಡು ಬನ್ನಿ. ದಡಕ್ಕೆ ಬಂದ ಮೇಲೆ ಟಿಟಿ ಇಂಜೆಕ್ಷನ್ ಬೇಕೇ ಬೇಕು.

ಇನ್ನೊಂದು ಕಡಲ ಹಾವು. ಟ್ರಾಲ್ ಬಲೆಯಲ್ಲಿ ಮೀನಿನ ಜೊತೆ ಬರ್ತದೆ, ಕೈಯಲ್ಲೇ ಹಿಡಿದು ಎಸೀತಾರೆ. ಕಚ್ಚಿದ್ದು ಸರಿ ನೋವೇ ಆಗುದಿಲ್ಲ, ಅಲ್ಲೇ ಮೋಸ ಹೋಗುದು. ಕೆಲವು ಗಂಟೆ ಬಿಟ್ಟು ಮೈಕೈ ಹಿಡ್ಕೊಳ್ತದೆ, ಕಣ್ಣು ರೆಪ್ಪೆ ಬೀಳ್ತದೆ, ಮೂತ್ರ ಕಪ್ಪು ಚಾದ ಬಣ್ಣಕ್ಕೆ ತಿರುಗ್ತದೆ. ನಮ್ಮಲ್ಲಿ ಸಿಗುವ ಹಾವಿನ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಕಡಲ ಹಾವಿಗೆ ಅಲ್ಲ. ಹಾಗಾಗಿ ಉಸಿರಾಟ, ಕಿಡ್ನಿ ನೋಡಿಕೊಳ್ಳುವ ದೊಡ್ಡ ಆಸ್ಪತ್ರೆಗೇ ಹೋಗ್ಬೇಕು, ನೋವಿಲ್ಲ ಅಂತ ಇನ್ನೊಂದು ಬಲೆ ಹಾಕ್ಲಿಕ್ಕೆ ನಿಲ್ಲಬಾರದು.

ತಂಡೇಲ ಕುಮಟಾ
ಅಕ್ಕ, ಬಿಸಿನೀರಿನ ವಿಷಯ ನಮ್ಮ ಹಳಬರಿಗೂ ಗೊತ್ತಿತ್ತು, ಅನ್ನದ ಗಂಜಿಯಲ್ಲಿ ಕಾಲಿಡಿಸ್ತಿದ್ರು. ಕಡಲ ಹಾವಿಗೆ ನಮ್ಮಲ್ಲಿ ಮದ್ದೇ ಇಲ್ಲ ಅನ್ನೋದು ಇವತ್ತೇ ಗೊತ್ತಾಗಿದ್ದು. ಎಷ್ಟು ಸಲ ಬರಿಗೈಯಲ್ಲಿ ಎತ್ತಿ ಎಸೆದಿದ್ದೇನೋ ಲೆಕ್ಕ ಇಲ್ಲ.

ಡೀಸೆಲ್ ಕೈ
ಸ್ಟೋರೇಜ್ ಗ್ಯಾಸ್ ಬಗ್ಗೆಯೂ ಬರೀರಿ ಯಾರಾದ್ರೂ. ನಮ್ಮ ಕಡೆ ಇದು ಯಾರಿಗೂ ಅರ್ಥವೇ ಆಗಿಲ್ಲ.

ನರ್ಸಕ್ಕ
ಅದು ತುಂಬಾ ಮುಖ್ಯ. ಮೀನು, ಮೀನಿನ ನೀರು ಮುಚ್ಚಿದ ಜಾಗದಲ್ಲಿ ಕೊಳೆತ್ರೆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಬರ್ತದೆ, ಹೈಡ್ರೋಜನ್ ಸಲ್ಫೈಡ್. ಕೆಟ್ಟದೇನು ಗೊತ್ತುಂಟಾ, ಗ್ಯಾಸ್ ಜಾಸ್ತಿ ಆದ್ರೆ ಮೂಗಿಗೆ ವಾಸನೆಯೇ ಬರುದು ನಿಲ್ತದೆ. ವಾಸನೆ ಹೋಯ್ತು ಅಂತ ಇಳಿದವ ಅಲ್ಲೇ ಬೀಳ್ತಾನೆ, ಅವನನ್ನು ಎತ್ತಲಿಕ್ಕೆ ಇಳಿದವ ಅವನ ಮೇಲೆ ಬೀಳ್ತಾನೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಹತ್ತಿರ ಮೀನು ಸಂಸ್ಕರಣೆ ಘಟಕದ ಟ್ಯಾಂಕಿನಲ್ಲಿ ಪಶ್ಚಿಮ ಬಂಗಾಳದ 5 ಹುಡುಗರು ಸತ್ತದ್ದು ಹೀಗೆಯೇ, ಮೊದಲು ಒಬ್ಬ, ಅವನನ್ನು ಉಳಿಸಲಿಕ್ಕೆ ಹೋದ ಉಳಿದವರು.

ಡೀಸೆಲ್ ಕೈ
ಹಾಗಾಗಿ ಯಾರೇ ಆಗ್ಲಿ, ರಜೆ ಕಳೆದು ಬೋಟ್ ತೆಗೆಯುವಾಗ ಸ್ಟೋರೇಜ್ ಮುಚ್ಚಳ ತೆಗೆದು ಕಡೇಪಕ್ಷ ಬ್ಲೋವರ್ ಇಟ್ಟು ಗಾಳಿ ಆಡಿಸಿ. ಇಳಿಯುವವನ ಸೊಂಟಕ್ಕೆ ರೋಪ್ ಕಟ್ಟಿ, ಮೇಲೆ ಇಬ್ಬರು ನಿಲ್ಲಿ. ಬಿದ್ರೆ ಮೇಲಿಂದಲೇ ಎಳೀಬೇಕು, ಇಳೀಬಾರದು. ಬೆಂಕಿ ವಿಷಯವೂ ಅಷ್ಟೇ. 2023ರ ದೀಪಾವಳಿ ಸಮಯ ಗಂಗೊಳ್ಳಿಯಲ್ಲಿ ಸಾಲಾಗಿ ನಿಲ್ಲಿಸಿದ ಬೋಟುಗಳಿಗೆ ಬೆಂಕಿ ಹತ್ತಿದ್ದು ನೋಡಿದ್ರಲ್ಲ. ಫೈಬರ್, ಡೀಸೆಲ್, ನೈಲಾನ್ ಬಲೆ, ಅಡುಗೆ ಸಿಲಿಂಡರ್, ಎಲ್ಲ ಒಂದೇ ಕಡೆ. ಒತ್ತಾಗಿ ಕಟ್ಟಿದ ಬೋಟುಗಳಲ್ಲಿ ಒಂದಕ್ಕೆ ಹತ್ತಿದ್ರೆ ಪಕ್ಕದ್ದು ಬಿಡಿಸ್ಲಿಕ್ಕೂ ಟೈಮ್ ಇರುದಿಲ್ಲ.

ಬೋಟ್ ಮಾಲಕ
ಒತ್ತಾಗಿ ಕಟ್ಟುದು ಯಾಕೆ? ಜಾಗ ಇಲ್ಲ. ಬೋಟಿನ ಸಂಖ್ಯೆ ಬೆಳೀತು, ಧಕ್ಕೆ ಬೆಳೀಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್ ಇರ್ತದಲ್ಲ, ಆಗ ನೋಡ್ಬೇಕು, ಒಂದಕ್ಕೊಂದು ತಿಕ್ಕಿ ಬೋಟಿನ ಬದಿಯೇ ಸವೆದು ಹೋಗ್ತದೆ. ಹೂಳು ಬೇರೆ. ಇಳಿತಕ್ಕೆ ಬೋಟು ಮಣ್ಣಿಗೆ ಕೂತು ವಾಲ್ತದೆ, ಆಗ ಅದರ ಮೇಲೆ ನಡೆಯುವವ ಬೀಳದೆ ಇರ್ತಾನಾ? ಮೊದಲಿನ ಕಮೆಂಟಿನಲ್ಲಿ ಕುಡಿತ ಅಂತ ಮಾತ್ರ ಬರೆದದ್ದು ನನ್ನ ತಪ್ಪು, ಹೊಳೆಬಾಗಿಲು ತಂಗಿ ಹೇಳಿದ್ದು ಸರಿ.

ಹೊಳೆಬಾಗಿಲು
ಹೇಳಿದ್ರಲ್ಲ ಅಣ್ಣ, ಅಷ್ಟು ಸಾಕು.

ದುಬೈ ಮೊಗವೀರ
ಮೂಲ ಪ್ರಶ್ನೆಗೆ ಬರ್ತೇನೆ. ನಾನು ಇಲ್ಲಿ ಬಂದರಿನಲ್ಲೇ ಕೆಲಸಕ್ಕೆ ಇರುದು. ಇಲ್ಲಿ ಧಕ್ಕೆ ಗೋಡೆಗೆ ನಿಗದಿ ದೂರಕ್ಕೆ ಒಂದೊಂದು ಕಬ್ಬಿಣದ ಏಣಿ ಇರ್ತದೆ, ಹಳದಿ ಬಣ್ಣ, ರಾತ್ರಿ ಕಾಣುವ ಹಾಗೆ ಮೇಲೆ ರಿಫ್ಲೆಕ್ಟರ್. ಹತ್ತಿರದಲ್ಲೇ ಲೈಫ್‌ಬಾಯ್, ಅಂದ್ರೆ ಹಿಡಿದು ತೇಲುವ ಬಳೆ, ಅದಕ್ಕೆ ತೇಲುವ ರೋಪ್. ಅಂಚಿನ ಹತ್ತಿರ ಕೆಲಸ ಮಾಡುವವನಿಗೆ ಜಾಕೆಟ್ ಕಡ್ಡಾಯ. ಊರಿಗೆ ಬಂದಾಗ ನಮ್ಮ ಧಕ್ಕೆ ನೋಡಿದ್ರೆ ಹೊಟ್ಟೆ ಉರೀತದೆ. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ, ವೆಲ್ಡಿಂಗ್ ಶಾಪಿನವನಿಗೆ ಒಂದು ವಾರದ ಕೆಲಸ.

ಬೈಂದೂರ್ ಮಾಣಿ
ಲೈಫ್‌ಬಾಯ್ ಇಟ್ರೆ ಮೂರ್ ದಿನಕ್ಕೆ ಕದ್ಕಂಡ್ ಹೋತ್ರ್. ಕಬ್ಬಿಣದ ಏಣಿ ಉಪ್ಪು ನೀರಿಗೆ ಎರಡ್ ವರ್ಷ ಬಾಳಿಕಿ ಬಂದ್ರೆ ದೊಡ್ಡದ್.

ದುಬೈ ಮೊಗವೀರ
ಹಾಗಾದ್ರೆ ಟಯರ್ ಕಟ್ಟಿ ಮಾರಾಯ್ರೆ. ಹಳೇ ಲಾರಿ ಟಯರನ್ನು ಯಾರೂ ಕದಿಯುದಿಲ್ಲ, ತುಕ್ಕೂ ಹಿಡಿಯುದಿಲ್ಲ. ಒಂದರ ಕೆಳಗೆ ಒಂದು ಮೂರು ಟಯರ್ ಕಟ್ಟಿದ್ರೆ ಅದೇ ಏಣಿ, ಬೋಟು ಗೋಡೆಗೆ ತಾಗದ ಹಾಗೂ ಆಗ್ತದೆ.

ಕಾರವಾರದ ಅಲೆ
ನಮ್ಮ ಕಡೆ ಒಬ್ಬರು ಹರಿದ ಟ್ರಾಲ್ ಬಲೆಯನ್ನೇ ಗೋಡೆಗೆ ಇಳಿಬಿಟ್ಟಿದ್ರು ಹತ್ತಲಿಕ್ಕೆ ಅಂತ. ಕಾಲ್ಬೆರಳು ಸಿಕ್ತದೆ, ಒಳ್ಳೆಯದೇ, ಆದ್ರೆ ಬೋಟಿನ ಫ್ಯಾನಿಗೆ (ಪ್ರೊಪೆಲ್ಲರ್) ಸುತ್ತಿಕೊಂಡು ದೊಡ್ಡ ಗಲಾಟೆ ಆಯ್ತು. ಬಲೆ ಬೇಡ, ಟಯರ್ ಸರಿ.

ರಂಪಣಿಮನೆ
ನಂಬರ್ ಎಲ್ಲರೂ ಫೋನಿನಲ್ಲಿ ಇಟ್ಕೊಳ್ಳಿ, ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಹುಡುಗರಿಗೆ ಹಿಂದಿಯಲ್ಲೂ ಬರೆದು ಕ್ಯಾಬಿನ್ನಿಗೆ ಅಂಟಿಸಿ. ಮತ್ತೆ ನೀರಿಗೆ ಬಿದ್ದವರನ್ನು ಹುಡುಕುದು ಅಂದ್ರೆ ನಮ್ಮ ಈಶ್ವರ್ ಮಲ್ಪೆ ಅವರಂಥವರನ್ನು ನೆನೀಬೇಕು, 2024ರಲ್ಲಿ ಶಿರೂರು ಗುಡ್ಡ ಕುಸಿದಾಗ ಗಂಗಾವಳಿ ಹೊಳೆಗೂ ಇಳಿದು ಹುಡುಕಿದವರು. ಆದ್ರೆ ಮುಳುಗುವವರನ್ನು ಕರೆಯುವ ಹೊತ್ತಿಗೆ ಹೆಚ್ಚಾಗಿ ಹೆಣವೇ ಸಿಗುದು. ಜೀವ ಉಳಿಯುದು ಮೊದಲ ಹತ್ತು ನಿಮಿಷದಲ್ಲಿ, ಪಕ್ಕದ ಬೋಟಿನವನ ಕೈಯಲ್ಲಿ.

ಬೆಂಗಳೂರು ಬಸವ
ಇನ್ಶೂರೆನ್ಸ್ ಏನಾದ್ರೂ ಇರುತ್ತಾ ಇವರಿಗೆ?

ಬೋಟ್ ಮಾಲಕ
ಮತ್ಸ್ಯ ಸಂಪದ ಯೋಜನೆಯಲ್ಲಿ ಗುಂಪು ವಿಮೆ ಉಂಟು. ಸತ್ತರೆ ಅಥವಾ ಪೂರ್ತಿ ಅಂಗವಿಕಲ ಆದ್ರೆ 5 ಲಕ್ಷ, ಭಾಗಶಃ ಆದ್ರೆ ಎರಡೂವರೆ ಲಕ್ಷ, ಆಸ್ಪತ್ರೆಗೆ 25 ಸಾವಿರ. ಹೆಸರು ನೋಂದಣಿ ಆಗಿರ್ಬೇಕು, ಅಲ್ಲೇ ತೊಂದರೆ. ಒಂದು ಬೋಟಿನಿಂದ ಇನ್ನೊಂದಕ್ಕೆ ಹೋಗುವ ಹುಡುಗರ ಹೆಸರು ಎಲ್ಲೂ ಇರುದಿಲ್ಲ. ಎಲ್ಲಾ ಮಾಲಕರಿಗೆ ಕೈ ಮುಗಿದು ಕೇಳ್ತೇನೆ, ಆಗಸ್ಟಿನಲ್ಲಿ ಬೋಟು ಇಳಿಸುವ ಮೊದಲು ಏಳು ಜನರ ಆಧಾರ್ ತಗೊಂಡು ಹೆಸರು ಹಾಕಿಸಿ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲು ಹೊಯ್ದು ತೆಂಗಿನಕಾಯಿ ಬಿಟ್ಟು ಕೇಳಿಕೊಳ್ತೇವಲ್ಲ ನಮ್ಮವರನ್ನು ಕಾಪಾಡು ಅಂತ, ಆ ನಮ್ಮವರ ಪಟ್ಟಿಯಲ್ಲಿ ಜಾರ್ಖಂಡಿನ ಹುಡುಗನೂ ಇರ್ಬೇಕು.

ಡೀಸೆಲ್ ಕೈ
👏👏 ಇದು ಮಾತು.

ಕಡಲತಡಿಯವ
ಹನ್ನೆರಡು ದಿನ ಬಿಟ್ಟು ಬರೀತಿದ್ದೇನೆ, ತಡ ಆಯ್ತು. ಎಲ್ಲರ ಮಾತನ್ನೂ ಪ್ರಿಂಟ್ ತೆಗೆದು ಸಭೆಗೆ ಹೋಗಿದ್ದೆ. ಏಣಿಗೆ ಅರ್ಜಿ ಕೊಟ್ಟಿದ್ದೇವೆ, ಅದು ಮಂಜೂರು ಆಗಿ ಬರುವಾಗ ಬರ್ಲಿ. ಟಯರಿಗೆ ಯಾರನ್ನೂ ಕಾಯಲಿಲ್ಲ. ಒಬ್ಬ ಲಾರಿಯವರು ಹಳೇ ಟಯರ್ ಕೊಟ್ರು, ಭಾನುವಾರ ಬೆಳಗ್ಗೆ ಹುಡುಗರೆಲ್ಲ ಸೇರಿ ಕಟ್ಟಿದ್ದು. ಅಕ್ಕನ ಮಗನೂ ಬಂದಿದ್ದ, ಕೈಗೆ ಬಟ್ಟೆ ಕಟ್ಟಿಕೊಂಡೇ ಗಂಟು ಹಾಕಿದ. ಅವನು ಬಿದ್ದ ಜಾಗದಲ್ಲಿ ಮೊದಲನೆಯದು. ಒಡಿಶಾದ ಹುಡುಗ ನೀರಿಗೆ ಇಳಿದು ಹತ್ತಿ ತೋರಿಸಿದ, ಎರಡನೇ ಸಲ ಹತ್ತುವಾಗ ಕೆಳಗಿನ ಟಯರು ತಿರುಗಿ ಕಾಲು ಜಾರ್ತು. ಅದಕ್ಕೆ ಏನು ಮಾಡುದು?

ತಂಡೇಲ ಕುಮಟಾ
ಕೆಳಗಿನ ಟಯರಿಗೆ ಎರಡು ಕಡೆಯಿಂದ ರೋಪ್ ಹಾಕಿ, ಒಂದೇ ಕಡೆ ಕಟ್ಟಿದ್ದಕ್ಕೆ ತಿರುಗಿದ್ದು. ಒಳಗೆ ನೀರು ನಿಲ್ಲದ ಹಾಗೆ ಅಡಿಯಲ್ಲಿ ತೂತು ಮಾಡಿ. ಇನ್ನೊಂದು ಮುಖ್ಯ, ಕೆಳಗಿನ ಟಯರು ಇಳಿತದಲ್ಲೂ ನೀರೊಳಗೆ ಇರಬೇಕು, ನೀರಿಗಿಂತ ಮೇಲೆ ನಿಂತ್ರೆ ಸುಸ್ತಾದವನಿಗೆ ಕಾಲು ಎತ್ತಿ ಇಡ್ಲಿಕ್ಕೆ ಆಗೋದಿಲ್ಲ. ಭಾನುವಾರ ನೀವು ಕಟ್ಟಿದ್ದು ಭರತದ ಹೊತ್ತಿಗೋ ಇಳಿತಕ್ಕೋ?

ಕಡಲತಡಿಯವ
ಭರತದ ಹೊತ್ತಿಗೆ. ಅದು ತಲೆಗೇ ಹೋಗ್ಲಿಲ್ಲ.

ತಂಡೇಲ ಕುಮಟಾ
ಹಾಗಾದರೆ ಅಮಾವಾಸ್ಯೆಗೆ ಅಳತೆ ತಗೊಳ್ಳಿ, ಆ ದಿನ ನೀರು ಜಾಸ್ತಿ ಇಳೀತದೆ. ಅದಕ್ಕಿಂತ ಎರಡು ಅಡಿ ಕೆಳಗೆ ಹೋಗುವಷ್ಟು ರೋಪ್ ಬಿಡಿ.

ಕಡಲತಡಿಯವ
ಶುಕ್ರವಾರ ಅಮಾವಾಸ್ಯೆ. ಹೋಗಿ ಅಳೆದು ಇಲ್ಲೇ ಹಾಕ್ತೇನೆ ಅಣ್ಣ.